ಮಾತಾಡಬಾರದ ಅಭ್ಯರ್ಥಿ

ಚಿತ್ರದುರ್ಗದ ಗಂಟಲಿನ ಡಾಕ್ಟರಮ್ಮ ಉದ್ದ ಹಿಡಿಯ ಸಣ್ಣ ಕನ್ನಡಿಯನ್ನು ನಮ್ಮ ಅಭ್ಯರ್ಥಿಯ ಬಾಯಿಂದ ಹೊರತೆಗೆದರು. ಚೀಟಿ ಬರೆಯುವುದಕ್ಕೂ ಮೊದಲೇ ಹೇಳಿಬಿಟ್ಟರು: "ಇನ್ನು ಎರಡು ವಾರ ಇವರು ಮಾತಾಡೋ ಹಾಗಿಲ್ಲ. ಒಂದಕ್ಷರವೂ ಇಲ್ಲ."

ಅಭ್ಯರ್ಥಿಯ ಭಾಮೈದ ಅದನ್ನು ತಮಾಷೆಯೆಂದೇ ತಿಳಿದ. "ಮೇಡಂ, ಎಲೆಕ್ಷನ್ ಐತೆ. ಓಟಿಗೆ ಎರಡು ವಾರಾನೂ ಉಳ್ದಿಲ್ಲ."

"ಅದಕ್ಕೇ ಹೇಳ್ತಿದೀನಿ. ದನಿಪೆಟ್ಟಿಗೆಯೊಳಗೆ ರಕ್ತ ಕಟ್ಟಿದೆ. ಇನ್ನೊಂದು ಭಾಷಣ ಮಾಡಿದರೆ ದನಿ ವಾಪಸ್ ಬರುತ್ತೆ ಅಂತ ನಾನು ಭರವಸೆ ಕೊಡಲ್ಲ. ಪಿಸುಮಾತೂ ಬೇಡ. ಅದು ಕೂಗೋದಕ್ಕಿಂತ ಕೆಟ್ಟದ್ದು."

ಪಿಸುಮಾತಿನ ವಿಷಯ ನನಗೆ ಗೊತ್ತಿತ್ತು. ನಮ್ಮ ನಾಟಕ ಕಂಪನಿಯಲ್ಲಿ ರಾಜಪಾರ್ಟು ಮಾಡುತ್ತಿದ್ದ ಹಿರಿಯರೊಬ್ಬರು ಗಂಟಲು ಕಟ್ಟಿದಾಗ ತಿಂಗಳುಗಟ್ಟಲೆ ಪಿಸುಗುಟ್ಟಿಯೇ ದಿನ ದೂಡಿದ್ದರು. ಆಮೇಲೆ ಅವರಿಗೆ ಉಳಿದದ್ದು ಪರದೆ ಎಳೆಯುವ ಕೆಲಸ. ಹಾಗಾಗಿ ಡಾಕ್ಟರಮ್ಮನ ಜೊತೆ ವಾದಕ್ಕೆ ಇಳಿಯಬೇಡಿ ಎಂದು ನಾನು ಭಾಮೈದನ ತೋಳು ಹಿಡಿದೆ. ಅಭ್ಯರ್ಥಿ ಮಾತ್ರ ಕುರ್ಚಿಯಲ್ಲಿ ಕೂತು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

ಅವರು ಹೊಸದುರ್ಗದ ಕಡೆಯ ಕಂಬಳಿ ನೇಕಾರರ ಸಂಘದ ಅಧ್ಯಕ್ಷರು. ಕುರಿ ಕಾಯುವ ಮನೆತನ. ಊರವರು, ಹೆಂಡತಿ, ಭಾಮೈದ, ನಾನು, ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಅಧ್ಯಕ್ಷರು ಎಂದೇ. ಜಿಲ್ಲಾ ಪಂಚಾಯಿತಿಗೆ ಪಕ್ಷೇತರರಾಗಿ ನಿಂತಿದ್ದರು. ಪಕ್ಷದ ಬಲವಿಲ್ಲ, ಜನಬಲವೂ ಅಷ್ಟಕ್ಕಷ್ಟೆ. ಇದ್ದದ್ದು ಒಂದೇ, ಆ ಕಂಠ. ಗುಡ್ಡದ ಈ ಮಗ್ಗುಲಲ್ಲಿ ನಿಂತು ಆ ಮಗ್ಗುಲಿನ ಕುರಿ ತಿರುಗಿಸುವ ಕಂಠ. ಅವರು "ಏನ್ರಪ್ಪಾ, ಚೆನ್ನಾಗಿದೀರಾ?" ಎಂದು ಶುರುಮಾಡಿದರೆ ಹೋಟೆಲಿನಲ್ಲಿ ಕೂತವರು ಲೋಟ ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಆ ಕಂಠವನ್ನು ನಂಬಿಯೇ ನಾನು ಇದ್ದ ಕೆಲಸ ಬಿಟ್ಟು ಅವರ ಪ್ರಚಾರದ ಹೊಣೆ ಹೊತ್ತಿದ್ದೆ.

ನಾನು ಹಿರಿಯೂರಿನ ಕಲಾಯಿ ಹಾಕುವವರ ಮನೆಯವನು. ಭೀಮನ ಪಾರ್ಟಿನಿಂದ ಹಿಡಿದು ಕುಡುಕ ಶಾನುಭೋಗನ ಪಾರ್ಟಿನವರೆಗೆ ಎಲ್ಲವನ್ನೂ ಮಾಡಿದ್ದರಿಂದ ಜನ ನನ್ನನ್ನು 'ನಾಟಕದ ಸಾಬ್ರು' ಎನ್ನುತ್ತಿದ್ದರು. ಹೊಳಲ್ಕೆರೆ ಕ್ಯಾಂಪಿನಲ್ಲಿ ಕಂಪನಿ ಮುಚ್ಚಿಹೋದ ಮೇಲೆ ಚಿತ್ರದುರ್ಗದ ಒಂದು ಕೇಬಲ್ ಚಾನೆಲ್ಲು ನನ್ನ ಉಚ್ಚಾರಣೆ ಕೇಳಿ ಸುದ್ದಿ ಓದಲು ಕೂರಿಸಿತು. ಆಮೇಲೆ ಮೈಕು ಕೊಟ್ಟು ಬೀದಿಗೂ ಕಳಿಸಿತು. ಅಲ್ಲಿಂದ ಅಧ್ಯಕ್ಷರ ಬಳಿಗೆ ಬಂದಾಗ ಚಾನೆಲ್ಲಿನ ಮಾಲೀಕರು ನನ್ನ ಕುರ್ಚಿಗೆ ಬೇರೆಯವರನ್ನು ತಂದಾಗಿತ್ತು. ಈ ಚುನಾವಣೆ ಸೋತರೆ ನನಗೆ ಹಿಂದಕ್ಕೆ ಹೋಗಲು ರಂಗವೂ ಇರಲಿಲ್ಲ, ಸ್ಟುಡಿಯೋವೂ ಇರಲಿಲ್ಲ.

ಜೀಪಿನಲ್ಲಿ ಹೊಸದುರ್ಗಕ್ಕೆ ವಾಪಸ್ ಹೊರಟೆವು. ಹೊಳಲ್ಕೆರೆ ದಾಟಿದ ಮೇಲೆ ಭಾಮೈದ ಮುಂದಿನ ಸೀಟಿನಿಂದ ಥಟ್ಟನೆ ಹಿಂದಕ್ಕೆ ತಿರುಗಿದ.

"ಸಾಬ್ರೇ, ಅವತ್ತು ಟೀ ಅಂಗಡಿಯಾಗೆ ಭಾವನ್ನ ಅಣಕ ಮಾಡಿ ತೋರ್ಸಿದ್ರಲ್ಲ, ಮಾಡ್ರಿ ನೋಡಾಣ."

ನನಗೆ ಅರ್ಥವಾಯಿತು. ಅಧ್ಯಕ್ಷರಿಗೂ ಅರ್ಥವಾಯಿತು. ಆಗಿನ್ನೂ ಹಳ್ಳಿಗಳಲ್ಲಿ ಪ್ರಚಾರವೆಂದರೆ ಆಟೋ ಮೇಲೆ ಕಟ್ಟಿದ ಹಾರ್ನು, ಒಳಗೆ ತಿರುಗುವ ಕ್ಯಾಸೆಟ್ಟು. ಅಧ್ಯಕ್ಷರದೇ ದನಿಯಲ್ಲಿ ಭಾಷಣ ಮುದ್ರಿಸಿ ಆಟೋಗಳಲ್ಲಿ ಬಿಟ್ಟರೆ, ಅವರು ಇವತ್ತು ಇನ್ನೊಂದೂರಿನಲ್ಲಿದ್ದಾರೆ ಎಂದು ಜನ ತಿಳಿದುಕೊಳ್ಳುತ್ತಾರೆ. ಸಭೆಯನ್ನೇ ಮಾಡದೆ ದಿನ ದಾಟಿಸಬಹುದು. ಯಾರಿಗೂ ತಿಳಿಯುವುದಿಲ್ಲ.

ಒಪ್ಪಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಒಳಗೊಳಗೇ ಉಮೇದು ಬಂದಿತ್ತು. ನಟನಿಗೆ ಇಷ್ಟು ಕಷ್ಟದ ಪಾರ್ಟು ಎಲ್ಲಿ ಸಿಗಬೇಕು?

ಹೊಸದುರ್ಗದಲ್ಲಿ ಫೋಟೋ ಅಂಗಡಿಯ ಮಹಡಿಯಲ್ಲಿ ಒಂದು ರೆಕಾರ್ಡಿಂಗ್ ಕೋಣೆ ಇತ್ತು. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ಟ್ರೇ ಅಂಟಿಸಿದ್ದರು. ಮೈಕಿನಿಂದ ಒಂದು ಗೇಣು ಹಿಂದೆ ನಿಂತೆ. ಅಧ್ಯಕ್ಷರ ದನಿ ಹುಟ್ಟುವುದು ಹೊಟ್ಟೆಯಲ್ಲಿ, ಹೊರಡುವುದು ಮೂಗಿಗೆ ತಾಗಿಕೊಂಡು. ಮಾತಿನ ಕೊನೆಯ ಅಕ್ಷರವನ್ನು ಅವರು ಹೊಲದ ಬದುವಿನ ತನಕ ಎಳೆಯುತ್ತಾರೆ. ಆ ಎಳೆತ ಸಿಕ್ಕಿದರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಮೊದಲ ಸಲಕ್ಕೇ ಸಿಕ್ಕಿತು.

"ಏನ್ರಪ್ಪಾ, ಚೆನ್ನಾಗಿದೀರಾ? ನಾನು ನಿಮ್ಮೋನೇ..."

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಫ್ಲಾಸ್ಕಿನಲ್ಲಿ ಬಿಸಿನೀರು ತರುತ್ತಿದ್ದ ಅಧ್ಯಕ್ಷರ ಹೆಂಡತಿ ಬಾಗಿಲು ತಳ್ಳಿಕೊಂಡೇ ಒಳಗೆ ಬಂದರು. "ಮಾತಾಡಬ್ಯಾಡ್ರಿ ಅಂದಿಲ್ವಾ ಡಾಕ್ಟ್ರಮ್ಮ! ಪ್ರಾಣ ತೆಗೀತೀರಾ ನಂದು!"

ಅಧ್ಯಕ್ಷರು ಮೂಲೆಯ ಸ್ಟೂಲಿನ ಮೇಲೆ ಬಾಯಿಮುಚ್ಚಿ ಕೂತಿದ್ದರು. ಆಕೆ ಅವರನ್ನು ನೋಡಿದರು, ನನ್ನನ್ನು ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡರು.

ಭಾಮೈದ ತೊಡೆ ತಟ್ಟಿದ. "ಅಕ್ಕನೇ ಮೋಸ ಹೋದ್ಲು ಅಂದ್ರೆ ಇನ್ನು ಊರೋರು ಯಾವ ಲೆಕ್ಕ! ಹಾಕ್ರಿ ಸಾಬ್ರೇ, ಕ್ಯಾಸೆಟ್ಟಿನ ಎರಡೂ ಕಡೆ ತುಂಬ್ಸಿ!"

ನಾನು ಮಾಡುತ್ತಿರುವ ಕೆಲಸದ ಹೆಸರು ಮೋಸ ಎಂದು ಅವನೇ ಹೇಳಿಬಿಟ್ಟಿದ್ದ. ನಾಟಕದಲ್ಲಿ ನಾನು ಭೀಮನಾದಾಗ ಎದುರು ಚಾಪೆಯ ಮೇಲೆ ಕೂತ ಪ್ರತಿಯೊಬ್ಬನಿಗೂ ನಾನು ಹಿರಿಯೂರಿನ ಸಾಬಿಯೆಂದು ಗೊತ್ತಿರುತ್ತಿತ್ತು. ಗೊತ್ತಿದ್ದೂ ನಂಬುತ್ತಿದ್ದರು. ಅದು ಅವರೂ ನಾವೂ ಕೂಡಿ ಆಡುವ ಆಟ. ಇಲ್ಲಿ ಆಡುವವನು ನಾನೊಬ್ಬನೇ, ಎದುರಿನವರಿಗೆ ಆಟವೆಂಬುದೇ ಗೊತ್ತಿಲ್ಲ. ಚಾನೆಲ್ಲಿನಲ್ಲಿದ್ದಾಗ ಕಣ್ಣಿಂದ ಕಾಣದ್ದನ್ನು ಕಂಡೆನೆಂದು ಒಂದು ದಿನವೂ ಓದಿದವನಲ್ಲ ನಾನು. ಈಗ ಇಲ್ಲದ ದನಿಯನ್ನು ಇದೆಯೆಂದು ಊರೂರಿಗೆ ಹಂಚಲು ಹೊರಟಿದ್ದೆ.

ರೆಕಾರ್ಡಿಂಗ್ ಮಾಡುವವರಿಗೆ ಹೇಳಿದೆ: "ಅಳಿಸಿಬಿಡಿ."

"ಏನ್ರೀ?" ಎಂದ ಭಾಮೈದ.

"ಅಳಿಸಿ. ನಾನು ಮಾಡಲ್ಲ."

ಅವನು ನನ್ನನ್ನು ಬೈದದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಬೀದಿಗೆ ಬಂದ ನಾಟಕದವನಿಗೆ ಕೆಲಸ ಕೊಟ್ಟಿದ್ದೇ ತಪ್ಪು ಎಂಬಲ್ಲಿಗೆ ಅದು ನಿಂತಿತು. ಅಧ್ಯಕ್ಷರು ಮಾತಿನ ಬದಲಿಗೆಂದು ಕೊಂಡಿದ್ದ ಹೊಸ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದರು. "ಅಳಿಸಿದ್ದು ಸರಿ. ಮುಂದೇನು?"



ಮರುದಿನ ಬಾಗೂರಿನಲ್ಲಿ ಸಭೆ ಗೊತ್ತಾಗಿತ್ತು. ಇದ್ದದ್ದನ್ನು ಇದ್ದಂತೆ ಹೇಳುವುದು, ಅವರ ಪರವಾಗಿ ನನ್ನದೇ ದನಿಯಲ್ಲಿ ಮಾತಾಡುವುದು ಎಂದು ತೀರ್ಮಾನಿಸಿದೆ. ಅಧ್ಯಕ್ಷರು ವೇದಿಕೆಯ ಮೇಲೆ ಕೈಮುಗಿದು ನಿಂತರು. ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಅದೇ ಎಡವಟ್ಟಾಯಿತು. ಮೈಕು ಕೈಗೆ ಸಿಕ್ಕಿದ್ದೇ ತಡ, ಒಳಗಿದ್ದ ರಾಜಪಾರ್ಟು ಎದ್ದು ಬಂದ. ಚಪ್ಪಾಳೆ ಬಿತ್ತು, ಸಿಳ್ಳೆಯೂ ಬಿತ್ತು. ಆಮೇಲೆ ಹಿಂದೆ ನಿಂತಿದ್ದ ಒಬ್ಬರು ಕೇಳಿದರು: "ಚೆನ್ನಾಗಿ ಹೇಳಿದ್ರಿ ಸಾಬ್ರೇ. ಈಗ ಓಟು ನಿಮಗೆ ಹಾಕಬೇಕಾ, ಪಕ್ಕದಾಗೆ ನಿಂತಿರೋ ಗೊಂಬೆಗೆ ಹಾಕಬೇಕಾ?"

ಜನ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಎದ್ದು ಹೋದರು. ಸಂಜೆಯೊಳಗೆ ಸುತ್ತಲ ಊರುಗಳಲ್ಲಿ ಬೇರೆಯೇ ಮಾತು ಹಬ್ಬಿತು. ಅಧ್ಯಕ್ಷರಿಗೆ ಗಂಟಲ ಕ್ಯಾನ್ಸರ್ ಅಂತೆ, ಇನ್ನು ಮಾತೇ ಬರೋದಿಲ್ಲವಂತೆ, ಗೆದ್ದರೂ ಮತ್ತೆ ಎಲೆಕ್ಷನ್ ಆಗಬೇಕಂತೆ.

ಜನ ಎದ್ದು ಹೋದ ಮೇಲೆ ನಾನು ಮೈಕಿನ ವೈರು ಸುತ್ತಿಕೊಳ್ಳುತ್ತಾ ಕೂತಿದ್ದೆ. ಖಾಲಿಯಾದ ಬಯಲಿನಲ್ಲಿ ಒಬ್ಬಳು ಮುದುಕಿ ಮಾತ್ರ ಉಳಿದಿದ್ದಳು. ಅವಳು ಅಧ್ಯಕ್ಷರ ಎದುರು ನೆಲದ ಮೇಲೆ ಕೂತು ತನ್ನ ಓಣಿಯ ನಲ್ಲಿಯ ಕಥೆ ಶುರುಮಾಡಿದಳು. ಪೈಪು ಹಾಕಿದವರು ಯಾರು, ತಿರುಗಿಸಿಕೊಂಡವರು ಯಾರು, ಅವಳು ಯಾವ ಯಾವ ಕಚೇರಿಯ ಮೆಟ್ಟಿಲ ಮೇಲೆ ಕೂತಳು, ಯಾರು ಏನೆಂದರು. ಬೇರೆ ದಿನವಾಗಿದ್ದರೆ ಅಧ್ಯಕ್ಷರು ಎರಡನೇ ಮಾತಿಗೇ "ಆಯ್ತು ಬಿಡಜ್ಜಿ, ನಾನ್ ನೋಡ್ಕಂತೀನಿ" ಎಂದು ಗುಡುಗಿ ಮುಂದೆ ಹೋಗುತ್ತಿದ್ದರು. ಅದು ಅವರ ಅಭ್ಯಾಸ. ಅವತ್ತು ಗುಡುಗುವ ಹಾಗಿರಲಿಲ್ಲ. ಕೇಳುತ್ತಾ ಕೂತರು. ನಡುವೆ ಒಮ್ಮೆ ಸ್ಲೇಟಿನಲ್ಲಿ ಏನೋ ಬರೆದು ತೋರಿಸಿದರು. ಅಜ್ಜಿಗೆ ಓದು ಬಾರದು. ನಾನು ಹೋಗಿ ಓದಿ ಹೇಳಿದೆ: "ಪೈಪು ತಿರುಗಿಸಿದ್ದು ಯಾವ ತಿಂಗಳು ಅಂತ ಕೇಳ್ತಿದಾರೆ."

ಅಜ್ಜಿ ಹೇಳಿದಳು. ಪೂರ್ತಿ ಹೇಳಿ ಮುಗಿಸಿ ಮಂಡಿ ಹಿಡಿದು ಎದ್ದಳು. "ನನ್ನ ಮಾತನ್ನ ಕಡೇತನಕ ಕೇಳ್ದೋನು ನೀನೊಬ್ಬನೇ ನೋಡಪ್ಪ" ಎಂದಳು ಅಧ್ಯಕ್ಷರಿಗೆ.

ಅವಳು ಹೋದ ಮೇಲೂ ಅಧ್ಯಕ್ಷರು ಅವಳು ಹೋದ ದಾರಿಯನ್ನೇ ನೋಡುತ್ತಿದ್ದರು. ನಾನು ಸುತ್ತಿದ್ದ ವೈರನ್ನು ಕೆಳಗಿಟ್ಟೆ. ಕೇಬಲ್ ಚಾನೆಲ್ಲಿನಲ್ಲಿ ಇಷ್ಟು ವರ್ಷ ನಾನು ಮಾಡಿದ್ದು ಏನು? ಮೈಕನ್ನು ಇನ್ನೊಬ್ಬರ ಬಾಯಿಗೆ ಹಿಡಿದದ್ದು. ಇಲ್ಲಿ ಬಂದು ಅದನ್ನು ನನ್ನ ಬಾಯಿಗೇ ಹಿಡಿದುಕೊಂಡಿದ್ದೆ.

"ನಾಳೆಯಿಂದ ವೇದಿಕೆ ಬೇಡ" ಎಂದೆ. "ನೀವು ಜಗಲಿ ಮೇಲೆ ಕೂತ್ಕೊಳ್ಳಿ. ಮೈಕು ಜನಕ್ಕೆ."

ಭಾಮೈದ ಹಣೆ ಚಚ್ಚಿಕೊಂಡ. "ಜನಕ್ಕೆ ಮೈಕ್ ಕೊಟ್ರೆ ಉಗೀತಾರೆ ಕಣ್ರಿ!"

ಅಧ್ಯಕ್ಷರು ಬರೆದರು: "ಉಗೀಲಿ."

ಆ ರಾತ್ರಿಯಿಂದಲೇ ತಯಾರಿ. ಮೈಕಿನ ವೈರಿಗೆ ಇನ್ನೊಂದು ಅಷ್ಟೇ ಉದ್ದದ ವೈರು ಬೆಸೆಸಿದೆ. ಮೈಕು ಜನರ ನಡುವೆ ಓಡಾಡಿದರೆ ಹಾರ್ನು ಕುಂಯ್ಯೆಂದು ಕಿರುಚುತ್ತದೆ. ಅದಕ್ಕೆ ಹಾರ್ನುಗಳನ್ನು ಆಯಾ ಊರಿನಲ್ಲಿ ಜಗಲಿಯ ಎದುರಿನ ಮಾಳಿಗೆ ಮೇಲೆ ಕಟ್ಟಿ, ಮುಖವನ್ನು ಬೀದಿಯ ಆಚೆಗೆ ತಿರುಗಿಸಿ, ದನಿ ಕಡಿಮೆ ಇಡಿಸಿದೆ. ಸ್ಲೇಟು ದೂರಕ್ಕೆ ಕಾಣುವುದಿಲ್ಲವೆಂದು ಕಾಲು ಮಡಚುವ ಕಪ್ಪುಹಲಗೆ ಮಾಡಿಸಿದೆವು. ನನಗೆ ನಾನೇ ಒಂದು ಕಟ್ಟಳೆ ಹಾಕಿಕೊಂಡೆ. ಹಲಗೆಯ ಮೇಲೆ ಇದ್ದದ್ದನ್ನಷ್ಟೇ ಓದಬೇಕು, ಸುದ್ದಿ ಓದುವ ಹಾಗೆ. ಒಂದು ಪದ ಸೇರಿಸಬಾರದು, ಒಂದು ಪದ ಸಿಹಿ ಮಾಡಬಾರದು.

ಮೊದಲ ಊರಿನಲ್ಲಿ ನಿಜಕ್ಕೂ ಉಗಿದರು. ಸಂಘದಲ್ಲಿ ಉಣ್ಣೆ ತೂಕದ ಜಗಳ, ಯಾರಿಗೋ ಕೊಡದ ಮಗ್ಗ, ಎಲ್ಲ ಹೊರಗೆ ಬಂತು. ಅಧ್ಯಕ್ಷರ ಕಿವಿ ಕೆಂಪಾಯಿತು. ಎರಡು ಸಲ ಬಾಯಿ ತೆರೆದರು. ಎರಡೂ ಸಲ ಅವರ ಹೆಂಡತಿ ಹೆಂಗಸರ ಸಾಲಿನಿಂದ ಕೆಮ್ಮಿದರು. ಬಾಯಿ ಮುಚ್ಚಿಕೊಂಡು ಹಲಗೆಯ ಕಡೆ ತಿರುಗಿದರು. ಕೋಪದಲ್ಲಿ ಹುಟ್ಟಿದ ಮಾತು ಸೀಮೆಸುಣ್ಣದ ತುದಿಗೆ ಬರುವಷ್ಟರಲ್ಲಿ ಅರ್ಧ ತಣ್ಣಗಾಗಿರುತ್ತಿತ್ತು. ಅದನ್ನು ನಾನು ದಿನದಿನವೂ ಕಣ್ಣಾರೆ ಕಂಡೆ.

ರಸ್ತೆಯಿಂದ ಒಳಗಿದ್ದ ಇನ್ನೊಂದು ಊರಿನಲ್ಲಿ ಟೈಲರ್ ಕೆಲಸ ಮಾಡುವ ಹೆಂಗಸೊಬ್ಬಳು ಮೈಕು ಹಿಡಿದು ನೇರವಾಗಿ ಕೇಳಿದಳು: "ನಮ್ಮೂರಿಗೆ ಬಸ್ಸಿಲ್ಲ. ನೀವು ಗೆದ್ರೆ ಬಸ್ ಬಿಡಿಸ್ತೀರಾ, ಇಲ್ವಾ? ಒಂದೇ ಮಾತು ಹೇಳ್ರಿ."

ಅಧ್ಯಕ್ಷರು ಬರೆದರು. ಭಾಮೈದ ಅದನ್ನು ಓದಿಕೊಂಡು ನನ್ನ ಹಿಂದೆ ಬಂದು ನಿಂತು ಸೊಂಟ ಚಿವುಟಿದ. "ಬಿಡಿಸ್ತೀನಿ ಅಂತ ಓದ್ರಿ ಸಾಬ್ರೇ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಗೊಣಗಿದ.

ನಾನು ಹಲಗೆಯ ಮೇಲಿದ್ದದ್ದನ್ನು ಓದಿದೆ. "ಬಸ್ಸು ಬಿಡೋದು ಜಿಲ್ಲಾ ಪಂಚಾಯಿತಿ ಕೈಲಿಲ್ಲ. ನಿಮ್ಮನ್ನ ಕರ್ಕೊಂಡು ಡಿಪೋಗೆ ಹೋಗಿ ಕೇಳ್ತೀನಿ. ಬರುತ್ತೆ ಅನ್ನಲ್ಲ."

ಆ ಹೆಂಗಸು ಹಲಗೆಯನ್ನೇ ದಿಟ್ಟಿಸಿದಳು. ಆಮೇಲೆ ಮೈಕಿನಲ್ಲೇ ಹೇಳಿದಳು: "ಹಂಗಾದ್ರೆ ಬರ್ತೀನಿ. ಯಾವತ್ತು ಹೋಗಾಣ ಹೇಳ್ರಿ." ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಬಾಗೂರಿನಲ್ಲಿ ನನಗೆ ಬಿದ್ದ ಚಪ್ಪಾಳೆಯಂಥದ್ದಲ್ಲ ಅದು. ಅವತ್ತು ಜನ ಎದ್ದು ಹೋಗಲಿಲ್ಲ.

ಮುಂದಿನ ಊರುಗಳಲ್ಲಿ ನಾವು ಹೋಗುವ ಮೊದಲೇ ಜನ ಮೈಕಿಗೆ ಸರದಿ ಕಟ್ಟಿಕೊಂಡು ಕಾಯುತ್ತಿದ್ದರು.

ಪ್ರಚಾರ ಮುಗಿಯುವ ಹೊತ್ತಿಗೆ ನನ್ನ ಹಳೆಯ ಚಾನೆಲ್ಲು ಅಭ್ಯರ್ಥಿಗಳನ್ನು ಎದುರುಬದುರು ಕೂರಿಸಿ ನೇರಪ್ರಸಾರದ ಚರ್ಚೆ ಇಟ್ಟಿತು. ನಡೆಸಿಕೊಡುವವಳು ನನ್ನ ಜೊತೆಯಲ್ಲೇ ಸುದ್ದಿ ಓದುತ್ತಿದ್ದ ಸಹೋದ್ಯೋಗಿ. ಆಕೆ ಫೋನು ಮಾಡಿ ಸಂಕೋಚದಿಂದ ಹೇಳಿದಳು: "ಭಾಯ್, ಎದುರಿನ ಅಭ್ಯರ್ಥಿ ಒಂದು ಷರತ್ತು ಹಾಕಿದಾರೆ. ನೀವು ಓದೋ ಹಾಗಿಲ್ಲ. ನಟರು ಓದಿದ್ರೆ ಬರೆದದ್ದಕ್ಕಿಂತ ಜಾಸ್ತಿ ಕೇಳುತ್ತೆ ಅಂತಾರೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. "ಹಾಗಾದ್ರೆ ನೀನು ಓದು" ಎಂದೆ.

"ಅವರು ಬರೀವಾಗ ಏನು ಮಾಡಲಿ? ನೇರಪ್ರಸಾರದಲ್ಲಿ ಸದ್ದೇ ಇಲ್ಲದಿದ್ರೆ ಜನ ಟಿವಿ ಕೆಟ್ಟಿದೆ ಅಂದ್ಕೋತಾರೆ!"

ಆಕೆಯ ಭಯ ನನಗೆ ಗೊತ್ತು. ಸ್ಟುಡಿಯೋದಲ್ಲಿ ಮೌನವೆಂದರೆ ಹಳ್ಳಕ್ಕೆ ಬಿದ್ದ ಹಾಗೆ. ಅದಕ್ಕೇ ಚರ್ಚೆಯ ದಿನ ಬೇಗ ಹೋದೆ. ಅಂಗಿಗೆ ಸಿಕ್ಕಿಸುವ ಸಣ್ಣ ಕಾಲರ್ ಮೈಕು ಇರುತ್ತದಲ್ಲ, ಅಧ್ಯಕ್ಷರಿಗೆ ಕೊಟ್ಟಿದ್ದ ಅದನ್ನು ಬಿಚ್ಚಿ ಕಪ್ಪುಹಲಗೆಯ ಚೌಕಟ್ಟಿಗೆ ಸಿಕ್ಕಿಸಿದೆ. ಕ್ಯಾಮೆರಾದವರಿಗೆ ಒಂದೇ ಮಾತು ಹೇಳಿದೆ: "ಅವರು ಬರೆಯಲು ಶುರುಮಾಡಿದ ಕೂಡಲೇ ಕೈ ಮೇಲೆ ಹೋಗಿ. ಮುಖಕ್ಕೆ ಬರಬೇಡಿ." ಆಮೇಲೆ ನನ್ನನ್ನು ಗಾಜಿನ ಆಚೆಗಿನ ನಿಯಂತ್ರಣ ಕೋಣೆಗೆ ಕಳಿಸಿದರು.

ಎದುರಿನ ಅಭ್ಯರ್ಥಿ ಒಳ್ಳೆಯ ಮಾತುಗಾರರು. ರಸ್ತೆ, ನೀರು, ಬಸ್ಸು, ಬೀದಿದೀಪ, ಒಂದಾದ ಮೇಲೊಂದು ಬಿಡಿಸಿಟ್ಟರು. ಸಮಯ ಮುಗಿಯಿತೆಂದು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಕೊನೆಗೆ ಕ್ಯಾಮೆರಾದತ್ತ ತಿರುಗಿದರು: "ಮಹಾಜನರೇ, ಬಾಯೇ ಇಲ್ಲದೋರು ನಾಳೆ ನಿಮ್ಮ ಪರವಾಗಿ ಏನು ಕೇಳ್ತಾರೆ? ಕ್ಯಾನ್ಸರ್ ಅಂತಾರಪ್ಪ, ಪಾಪ, ಮನೇಲಿ ಆರಾಮಾಗಿರಲಿ."

ಗಾಜಿನ ಈಚೆ ನಾನು ಹೆಡ್‌ಫೋನು ಹಾಕಿಕೊಂಡು ನಿಂತಿದ್ದೆ. ಇದಕ್ಕೆ ಕೊಡಬೇಕಾದ ಉತ್ತರ ನನ್ನ ನಾಲಗೆಯ ಮೇಲಿತ್ತು, ಅಧ್ಯಕ್ಷರದೇ ದನಿಯಲ್ಲಿ. ಏನೂ ಮಾಡುವ ಹಾಗಿರಲಿಲ್ಲ.

ಅಧ್ಯಕ್ಷರು ಎದ್ದರು. ಸೀಮೆಸುಣ್ಣ ಹಲಗೆಗೆ ತಾಗಿತು. ಕಟ್, ಕರ್, ಕಟ್. ಹೆಡ್‌ಫೋನಿನಲ್ಲಿ ಆ ಸದ್ದು ಎಷ್ಟು ದೊಡ್ಡದಾಗಿತ್ತೆಂದರೆ ಮೈ ಜುಮ್ಮೆಂದಿತು. ಪರದೆಯ ತುಂಬ ಮಗ್ಗ ಎಳೆದು ಗಂಟುಗಟ್ಟಿದ ಒಂದು ಕೈ. ಒಂದೊಂದೇ ಅಕ್ಷರ. ಮುಂದಿನದು ಏನಿರಬಹುದೆಂದು ಮಾನಿಟರ್ ಮುಂದಿದ್ದ ಮಾಲೀಕರೂ ತುಟಿ ಅಲ್ಲಾಡಿಸುತ್ತಿದ್ದರು.

ಬರೆದು ಪಕ್ಕಕ್ಕೆ ಸರಿದರು. ನನ್ನ ಸಹೋದ್ಯೋಗಿ ಓದಿದಳು, ಏರಿಳಿತವಿಲ್ಲದೆ, ಸುದ್ದಿ ಓದುವವರು ಓದಬೇಕಾದ ಹಾಗೆ:

"ಕ್ಯಾನ್ಸರ್ ಅಲ್ಲ. ಕೂಗಿ ಕೂಗಿ ಪೆಟ್ಟಾಗೈತೆ. ದನಿ ವಾಪಸ್ ಬರ್ತೈತೆ. ಅಲ್ಲೀತನಕ ಕಿವಿ ಐತೆ."

ಎದುರಿನ ಅಭ್ಯರ್ಥಿ ಏನೋ ಹೇಳಲು ಹೋಗಿ, ಹಲಗೆಯ ಕಡೆ ನೋಡಿ, ನೀರು ಕುಡಿದರು. ನಿಯಂತ್ರಣ ಕೋಣೆಯಲ್ಲಿ ಮಾಲೀಕರು ಕ್ಯಾಮೆರಾದವರಿಗೆ "ಹಲಗೆ ಮೇಲೇ ಇರ್ರಿ, ಹಲಗೆ ಮೇಲೇ ಇರ್ರಿ" ಎಂದು ಕೂಗುತ್ತಿದ್ದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಭಾಮೈದ ಕೆಳಗಿನ ಟೀ ಅಂಗಡಿಯ ಟಿವಿಯಲ್ಲಿ ನೋಡಿದವನು ಮೇಲಕ್ಕೆ ಓಡಿಬಂದ. ಅಂಗಡಿಯವರು ಟೀ ಸೋಸುವುದನ್ನು ಬಿಟ್ಟು ನಿಂತಿದ್ದರಂತೆ. ಅವನು ನನ್ನ ಪಕ್ಕ ಕೂತು, "ನಾನು ಬೈದಿದ್ದು ಮನಸಿಗೆ ಹಚ್ಕಬ್ಯಾಡ್ರಿ ಸಾಬ್ರೇ" ಎಂದ.

ಎಣಿಕೆ ಹೊಸದುರ್ಗದ ಕಾಲೇಜಿನಲ್ಲಿ ನಡೆಯಿತು. ಮೊದಮೊದಲು ಹಿಂದಿದ್ದೆವು. ಒಳಗಿನ ಊರುಗಳ ಮತಪೆಟ್ಟಿಗೆ ಬಿಚ್ಚುತ್ತಾ ಬಂದಂತೆ ಸಮಕ್ಕೆ ಬಂದೆವು, ದಾಟಿದೆವು. ಮಧ್ಯಾಹ್ನದ ಬಿಸಿಲಲ್ಲಿ ಅಧಿಕಾರಿ ಹೆಸರು ಓದಿದಾಗ ಗೇಟಿನ ಹೊರಗೆ ಎದ್ದ ಕೂಗಿಗೆ ಕಾಲೇಜಿನ ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು. ಅಧ್ಯಕ್ಷರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು "ಅಣ್ಣಾ" ಎಂದರು.

ಡಾಕ್ಟರಮ್ಮ ಹಿಂದಿನ ದಿನವಷ್ಟೇ ಅವರಿಗೆ ಒಂದೆರಡು ಮಾತಿಗೆ ಅನುಮತಿ ಕೊಟ್ಟಿದ್ದರು. ಜನ ಅಧ್ಯಕ್ಷರನ್ನು ಎತ್ತಿ ಟ್ರಾಕ್ಟರಿನ ಟ್ರೇಲರ್ ಮೇಲೆ ನಿಲ್ಲಿಸಿದರು. "ಮಾತಾಡ್ರಿ ಅಧ್ಯಕ್ರೇ, ಮಾತಾಡ್ರಿ!" ಎಂದು ಬೀದಿಗೆ ಬೀದಿಯೇ ಕೂಗುತ್ತಿತ್ತು. ಚಾನೆಲ್ಲಿನ ಕ್ಯಾಮೆರಾ ಮೇಲೆದ್ದಿತು. ನಾನು ಆಂಪ್ಲಿಫೈಯರಿನ ಗುಂಡಿ ಹಿಡಿದು ಕೆಳಗೆ ಕೂತಿದ್ದೆ.

ಅವರು ಮೈಕು ತೆಗೆದುಕೊಂಡರು. ಗದ್ದಲ ಅಡಗಿತು. ಹೊರಟ ದನಿ ತೆಳ್ಳಗಿತ್ತು, ಅಂಚಿನಲ್ಲಿ ಹರಿದಿತ್ತು. ಗುಂಡಿಯನ್ನು ಪೂರ್ತಿ ತಿರುಗಿಸಿದ ಮೇಲೂ ಹಿಂದಿನ ಸಾಲಿನವರು ಕಿವಿಗೆ ಕೈ ಆನಿಸಿಕೊಂಡರು.

"ಹೇಳ್ರಿ" ಎಂದರು ಅಧ್ಯಕ್ಷರು. ಅಷ್ಟೇ ಹೇಳಿ ಬಗ್ಗಿ, ಮೈಕನ್ನು ಜನರ ಕಡೆ ಚಾಚಿದರು.

ಆಮೇಲೆ ಬೀದಿಯ ತುಂಬ ನಗು, ಸಿಳ್ಳೆ, ಕೇಕೆ. ಟ್ರೇಲರಿನ ಹತ್ತಿರವಿದ್ದ ಹತ್ತಾರು ಕೈಗಳು ಮೈಕಿಗಾಗಿ ಮೇಲೆದ್ದವು. ನಾನು ವೈರು ಸಡಿಲ ಬಿಟ್ಟೆ.